ತೊಡೆಮೂಳೆಯ ಕುತ್ತಿಗೆ ಹಿಡಿದರೆ ಸೊಂಟದ ಕೀಲು ಸಿಕ್ಕಂತೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸೊಂಟನೋವು ಅಂದವರ ಕೈ ಹೋಗುವುದು ಬೆನ್ನಿನ ಕೆಳಭಾಗಕ್ಕೆ, ಅಲ್ವಾ? ನಾವು ಓದುವ ಸೊಂಟದ ಕೀಲು, ಅಂದರೆ ಹಿಪ್ ಜಾಯಿಂಟ್, ಅಲ್ಲಿಲ್ಲ. ಅದು ತೊಡೆಸಂದಿನ ಆಳದಲ್ಲಿದೆ. ಆ ಕೀಲು ಕೆಟ್ಟರೆ ನೋವು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ತೊಡೆಸಂದಿನಲ್ಲೇ.

ರಚನೆ ಸುಲಭ: ಒಂದು ಬಟ್ಟಲು, ಒಂದು ಚೆಂಡು. ಬಟ್ಟಲಿನ ಹೆಸರು ಅಸೆಟಾಬ್ಯುಲಮ್. ಲ್ಯಾಟಿನ್‌ನಲ್ಲಿ ವಿನೆಗರ್ ಹಾಕಿಡುವ ಪುಟ್ಟ ಬಟ್ಟಲು ಅಂತ ಅರ್ಥ. ಇಲಿಯಮ್, ಇಶಿಯಮ್, ಪ್ಯೂಬಿಸ್ ಎಂಬ ಮೂರು ಮೂಳೆ ಸೇರಿ ಆದದ್ದು ಇದು. ಮಕ್ಕಳಲ್ಲಿ ಈ ಮೂರರ ನಡುವೆ ವೈ ಆಕಾರದ ಕಾರ್ಟಿಲೇಜ್ (ಮೃದು ಮೂಳೆ) ಇರುತ್ತದೆ, ಹದಿಹರೆಯದಲ್ಲಿ ಬೆಸೆದುಕೊಳ್ಳುತ್ತದೆ. ಹಾಗಾಗಿ ಮಗುವಿನ ಎಕ್ಸ್‌ರೇಯಲ್ಲಿ ಅಲ್ಲೊಂದು ಗೆರೆ ಕಂಡ ತಕ್ಷಣ ಮೂಳೆ ಮುರಿದಿದೆ ಅಂದುಬಿಡಬೇಡಿ. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ಉಂಗುರ ಸುತ್ತಿಕೊಂಡಿದೆ, ಅದರಿಂದ ಬಟ್ಟಲು ಇನ್ನಷ್ಟು ಆಳವಾಗುತ್ತದೆ.

ಚೆಂಡು ಅಂದರೆ ಫೀಮರ್‌ನ (ತೊಡೆಮೂಳೆಯ) ತಲೆ. ಗೋಳದ ಮೂರರಲ್ಲಿ ಎರಡು ಪಾಲಿನಷ್ಟಿದೆ. ಮೂಳೆ ಕೈಗೆ ಸಿಕ್ಕರೆ ತಲೆಯ ಮೇಲೆ ಬೆರಳಾಡಿಸಿ. ಎಲ್ಲ ಕಡೆ ನುಣುಪು, ಒಂದು ಕಡೆ ಮಾತ್ರ ಸಣ್ಣ ಕುಳಿ. ಅದೇ ಫೋವಿಯಾ. ತಲೆಯನ್ನು ಬಟ್ಟಲಿಗೆ ಜೋಡಿಸುವ ಲಿಗಮೆಂಟಮ್ ಟೆರೆಸ್ ಎಂಬ ಪಟ್ಟಿ ಅಂಟಿಕೊಳ್ಳುವ ಜಾಗ.

ಮೂಳೆ ಎಡದ್ದೋ ಬಲದ್ದೋ ಅಂತ ಗುರುತಿಸೋದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಗ್ಯಾರಂಟಿ. ನಾನು ಮೊದಲ ಸಲ ತಲೆ ಒಳಗಡೆಗೆ ಮಾಡಿ ಹಿಡಿದು ಧೈರ್ಯವಾಗಿ ಬಲಗಾಲಿನದು ಅಂದಿದ್ದೆ, ಆದರೆ ಮುಂದೆ ಹಿಂದೆ ನೋಡಿರಲೇ ಇಲ್ಲ, ಲಿನಿಯಾ ಆಸ್ಪೆರಾ ನನ್ನ ಮುಖವನ್ನೇ ನೋಡುತ್ತಿತ್ತು. ಆ ಒರಟು ಏಣು ಯಾವಾಗಲೂ ಹಿಂದಕ್ಕೆ ಬರಬೇಕು, ಶಾಫ್ಟ್ (ಮೂಳೆಯ ಉದ್ದನೆಯ ಕಾಂಡ) ಸ್ವಲ್ಪ ಮುಂದಕ್ಕೆ ಉಬ್ಬಿರಬೇಕು, ತಲೆ ಮೇಲೆ ಮತ್ತು ಒಳಗೆ. ಮೂರೂ ಹೊಂದಿದರೆ ಮಾತ್ರ ಬಾಯಿ ಬಿಡಿ.

ಇನ್ನು ಕುತ್ತಿಗೆ, ಅಂದರೆ ತಲೆಗೂ ಶಾಫ್ಟ್‌ಗೂ ನಡುವಿನ ಭಾಗ. ನನ್ನ ಪ್ರಕಾರ ಈ ಅಧ್ಯಾಯದ ಜೀವ ಇರುವುದೇ ಇಲ್ಲಿ. ಕುತ್ತಿಗೆ ಇರದೆ ಶಾಫ್ಟ್ ನೇರವಾಗಿ ಬಟ್ಟಲಿಗೆ ಹೋಗಿದ್ದರೆ ಕಾಲು ಸ್ವಲ್ಪ ಎತ್ತಿದರೂ ಮೂಳೆ ಬಟ್ಟಲಿನ ಅಂಚಿಗೆ ತಾಗುತ್ತಿತ್ತು. ಕುತ್ತಿಗೆ ಶಾಫ್ಟನ್ನು ದೂರ ತಳ್ಳಿ ಓಡಾಡಲು ಜಾಗ ಕೊಡುತ್ತದೆ. ವಯಸ್ಕರಲ್ಲಿ ಕುತ್ತಿಗೆಗೂ ಶಾಫ್ಟ್‌ಗೂ ನಡುವೆ ಸುಮಾರು 125 ಡಿಗ್ರಿ, ಹುಟ್ಟಿದಾಗ ಸುಮಾರು 150. ಕೋನ ತೀರಾ ಕಡಿಮೆಯಾದರೆ ಕಾಕ್ಸಾ ವೇರಾ, ಜಾಸ್ತಿಯಾದರೆ ಕಾಕ್ಸಾ ವಾಲ್ಗಾ. ಇದಲ್ಲದೆ ಕುತ್ತಿಗೆ ಸುಮಾರು 15 ಡಿಗ್ರಿ ಮುಂದಕ್ಕೂ ತಿರುಗಿರುತ್ತದೆ.

ಕುತ್ತಿಗೆಯ ಬುಡದಲ್ಲಿ ಹೊರಗಡೆ ಗ್ರೇಟರ್ ಟ್ರೋಕ್ಯಾಂಟರ್ ಎಂಬ ಮೂಳೆಯ ಉಬ್ಬು. ನಿಂತುಕೊಂಡು ತೊಡೆಯ ಮೇಲ್ಭಾಗದ ಪಕ್ಕಕ್ಕೆ ಅಂಗೈ ಒತ್ತಿ, ಪಾದವನ್ನು ಒಳಗೆ ಹೊರಗೆ ತಿರುಗಿಸಿ. ಕೈ ಕೆಳಗೆ ಗಟ್ಟಿಯಾಗಿ ಉರುಳುತ್ತದಲ್ಲ, ಅದೇ. ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್ ಸ್ನಾಯುಗಳು ಬಂದು ಸೇರುವುದು ಇದಕ್ಕೆ. ಒಂಟಿ ಕಾಲಲ್ಲಿ ನಿಂತಾಗ ಪೆಲ್ವಿಸ್ (ಬಟ್ಟಲು ಇರುವ ಸೊಂಟದ ಮೂಳೆಗೂಡು) ಇನ್ನೊಂದು ಕಡೆಗೆ ವಾಲದಂತೆ ಹಿಡಿಯುವುದು ಇವೇ. ಇವು ಸೋತರೆ ಎತ್ತಿದ ಕಾಲಿನ ಕಡೆ ಪೆಲ್ವಿಸ್ ಜಾರುತ್ತದೆ, ಟ್ರೆಂಡೆಲೆನ್‌ಬರ್ಗ್ ಚಿಹ್ನೆ. ಜಾರುವುದು ಒಂದು ಕಡೆ, ದೋಷ ಇನ್ನೊಂದು ಕಡೆ. ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಒಳಗಡೆಯ ಲೆಸ್ಸರ್ ಟ್ರೋಕ್ಯಾಂಟರ್‌ಗೆ ಇಲಿಯೋಸೋವಾಸ್ ಸ್ನಾಯು ಸೇರುತ್ತದೆ, ಅಷ್ಟು ಸಾಕು.

ಕೀಲನ್ನು ಸುತ್ತುವ ಚೀಲ, ಅಂದರೆ ಕ್ಯಾಪ್ಸೂಲ್, ಮುಂದೆ ಎರಡು ಟ್ರೋಕ್ಯಾಂಟರ್‌ಗಳ ನಡುವಿನ ಇಂಟರ್‌ಟ್ರೋಕ್ಯಾಂಟರಿಕ್ ಗೆರೆಯವರೆಗೂ ಇಳಿಯುತ್ತದೆ, ಹಿಂದೆ ಕುತ್ತಿಗೆಯ ಅರ್ಧಕ್ಕೆ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಮುಂದಿರುವ ಇಲಿಯೋಫೆಮೋರಲ್ ಲಿಗಮೆಂಟ್ (ಮೂಳೆಗಳನ್ನು ಕಟ್ಟುವ ಪಟ್ಟಿ) ತುಂಬಾ ಗಟ್ಟಿ. ನೆಟ್ಟಗೆ ನಿಂತಾಗ ಅದು ಬಿಗಿಯಾಗಿ ದೇಹ ಹಿಂದಕ್ಕೆ ಬೀಳದಂತೆ ತಡೆಯುವುದರಿಂದ ಸುಮ್ನೆ ನಿಲ್ಲಲು ಸ್ನಾಯುಗಳಿಗೆ ದೊಡ್ಡ ಶ್ರಮವಿಲ್ಲ.

ಈಗ ರಕ್ತ. ಮೀಡಿಯಲ್ ಸರ್ಕಮ್‌ಫ್ಲೆಕ್ಸ್ ಫೆಮೋರಲ್ ಅಪಧಮನಿಯ ಕವಲುಗಳು ಕುತ್ತಿಗೆಯ ಬುಡದಿಂದ ಮೂಳೆಗೆ ಅಂಟಿಕೊಂಡೇ ಮೇಲೆ ಹತ್ತಿ ತಲೆಗೆ ಹೋಗುತ್ತವೆ. ತಲೆಗೆ ಬರುವ ರಕ್ತದ ಹೆಚ್ಚಿನ ಪಾಲು ಹೀಗೆ ಕೆಳಗಿನಿಂದಲೇ. ಲಿಗಮೆಂಟಮ್ ಟೆರೆಸ್ ಒಳಗೂ ಒಂದು ಸಣ್ಣ ರಕ್ತನಾಳ ಇದೆ, ದೊಡ್ಡವರಲ್ಲಿ ಅದನ್ನು ನಂಬುವಂತಿಲ್ಲ. ಕುತ್ತಿಗೆ ಮುರಿದು ತುಂಡು ಜಾರಿದರೆ ಆ ಕವಲುಗಳು ಹರಿದುಹೋಗುತ್ತವೆ, ತಲೆ ರಕ್ತವಿಲ್ಲದೆ ಸಾಯಬಹುದು. ಇದಕ್ಕೆ ಅವ್ಯಾಸ್ಕುಲರ್ ನೆಕ್ರೋಸಿಸ್ ಅನ್ನುತ್ತಾರೆ. ವಯಸ್ಸಾದವರಲ್ಲಿ ಇಂಥ ಮುರಿತಕ್ಕೆ ಮೂಳೆ ಜೋಡಿಸುವ ಬದಲು ತಲೆಯನ್ನೇ ಬದಲಿಸುವುದು ಇದಕ್ಕೇ. ಅದೇ ಮುರಿತ ಎರಡು ಇಂಚು ಕೆಳಗೆ, ಟ್ರೋಕ್ಯಾಂಟರ್‌ಗಳ ನಡುವೆ ಆಗಿದ್ದರೆ ಕ್ಯಾಪ್ಸೂಲ್‌ನ ಹೊರಗೆ, ರಕ್ತ ಚೆನ್ನಾಗಿ ಸಿಗುತ್ತದೆ, ಮೂಳೆ ಕೂಡಿಕೊಳ್ಳುತ್ತದೆ.

ಮಂಚದ ಪಕ್ಕ ನಿಂತು ಕಾಲು ನೋಡಿ. ಕುತ್ತಿಗೆ ಮುರಿದಿದ್ದರೆ ಕಾಲು ಗಿಡ್ಡ, ಪಾದ ಹೊರಕ್ಕೆ ತಿರುಗಿರುತ್ತದೆ. ಕೀಲು ಹಿಂದಕ್ಕೆ ತಪ್ಪಿದ್ದರೆ ಕಾಲು ಗಿಡ್ಡವೇ, ಆದರೆ ಒಳಕ್ಕೆ ತಿರುಗಿರುತ್ತದೆ. ಆಗ ಹಿಂದಿರುವ ಸಯಾಟಿಕ್ ನರಕ್ಕೆ ಪೆಟ್ಟಾಗಿದೆಯಾ ಅಂತ ಪಾದ ಅಲ್ಲಾಡಿಸಿ ನೋಡಲು ಹೇಳಿ.

ಕೊನೆಗೆ ಒಂದು ಮೋಸ. ಆಬ್ಚುರೇಟರ್ ನರ ಸೊಂಟದ ಕೀಲಿಗೂ ಹೋಗುತ್ತದೆ, ಮಂಡಿಗೂ ಹೋಗುತ್ತದೆ. ಹಾಗಾಗಿ ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಬಹುದು. ಮಗು ಮಂಡಿನೋವು ಅಂತ ಕುಂಟುತ್ತಾ ಬಂದು, ಮಂಡಿಯಲ್ಲಿ ಏನೂ ಸಿಗದಿದ್ದರೆ, ಸೊಂಟದ ಕೀಲು ತಿರುಗಿಸಿ ನೋಡಿ.