ಬಹು ದಿನಾಂಕಗಳ ಸ್ವಯಂಚಾಲಿತ ರಿಮೈಂಡರ್

ಯಾವುದೇ ರಸ್ತೆ ಗುತ್ತಿಗೆಯ ಕಡತವನ್ನು ಬಿಡಿಸಿ ನೋಡಿ. ಟೆಂಡರ್ ಸಲ್ಲಿಕೆಯ ಕೊನೆಯ ದಿನ, ಟೆಂಡರ್ ಸಿಂಧುತ್ವ ಮುಗಿಯುವ ದಿನ, ಕಾರ್ಯಾದೇಶದ ಪ್ರಕಾರ ಕಾಮಗಾರಿ ಪೂರ್ಣಗೊಳ್ಳಬೇಕಾದ ದಿನ, ಗುತ್ತಿಗೆದಾರನ ಪರವಾಗಿ ಬ್ಯಾಂಕ್ ಕೊಟ್ಟ ಹಣದ ಭರವಸೆ, ಅಂದರೆ ಬ್ಯಾಂಕ್ ಗ್ಯಾರಂಟಿಯ ಅವಧಿ ತೀರುವ ದಿನ, ಕಾಮಗಾರಿಯ ದೋಷಗಳನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ದೋಷ ಹೊಣೆಗಾರಿಕೆ ಅವಧಿಯ ಕೊನೆಯ ದಿನ, ಎಲ್ಲವೂ ಒಂದೇ ಕಡತದಲ್ಲಿರುತ್ತವೆ. ಪ್ರಾಜೆಕ್ಟ್ ನಿರ್ವಹಣೆಯ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಪ್ರತಿ ಕೆಲಸಕ್ಕೆ ಮೊದಲಿನಿಂದಲೇ ಸಿಗುವುದು ಒಂದು ಗಡುವಿನ ಅಂಕಣ ಮಾತ್ರ. ಉಳಿದ ದಿನಾಂಕಗಳು ಟಿಪ್ಪಣಿಯ ಸಾಲುಗಳಲ್ಲಿ ಸೇರಿಹೋಗುತ್ತವೆ. ಟಿಪ್ಪಣಿಯಲ್ಲಿರುವ ದಿನಾಂಕವನ್ನು ಮನುಷ್ಯ ಓದಬಲ್ಲ, ತಂತ್ರಾಂಶಕ್ಕೆ ಅದು ಬರೀ ಅಕ್ಷರ.

ಬಹು ದಿನಾಂಕಗಳ ಸ್ವಯಂಚಾಲಿತ ರಿಮೈಂಡರ್ ಎಂದರೆ ಇಂಥ ಪ್ರತಿಯೊಂದು ದಿನಾಂಕಕ್ಕೂ ಪ್ರತ್ಯೇಕ ಅಂಕಣ ಕೊಟ್ಟು, ಪ್ರತಿ ಅಂಕಣಕ್ಕೂ ತನ್ನದೇ ನಿಯಮ ಕಟ್ಟುವುದು. ಎಷ್ಟು ದಿನ ಮೊದಲು, ಯಾರಿಗೆ, ಯಾವಾಗ ನಿಲ್ಲಬೇಕು ಎಂಬ ಮೂರು ವಿಷಯ ಆ ನಿಯಮದಲ್ಲಿರಬೇಕು. ಮೊದಲ ಎರಡನ್ನು ಎಲ್ಲರೂ ಬರೆಯುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಗ್ಯಾರಂಟಿ ನವೀಕರಣವಾದ ಮೇಲೂ ದಿನವೂ ಎಚ್ಚರಿಕೆ ಬರುತ್ತಲೇ ಇದ್ದರೆ ಜನ ಅದನ್ನು ತೆರೆಯದೆ ಅಳಿಸಲು ಕಲಿಯುತ್ತಾರೆ. ಮುಂದೆ ನಿಜವಾಗಿ ಬೇಕಾದ ಎಚ್ಚರಿಕೆಯೂ ಅದೇ ರಾಶಿಯಲ್ಲಿ ಅಳಿದುಹೋಗುತ್ತದೆ.

ಎಲ್ಲ ದಿನಾಂಕಗಳಿಗೂ ಕಣ್ಣುಮುಚ್ಚಿ ‘ಮೂರು ದಿನ ಮೊದಲು’ ಎಂದು ಹಾಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅಪಾಯ. ಬ್ಯಾಂಕ್ ಗ್ಯಾರಂಟಿ ವಿಸ್ತರಣೆಗೆ ಪತ್ರ ಬರೆಯಬೇಕು, ಗುತ್ತಿಗೆದಾರ ಬ್ಯಾಂಕಿಗೆ ಹೋಗಬೇಕು, ಬಂದ ಪತ್ರವನ್ನು ಶಾಖೆಯಿಂದ ದೃಢಪಡಿಸಿಕೊಳ್ಳಬೇಕು. ಇದಕ್ಕೆ ನಲವತ್ತೈದು ದಿನ ಮೊದಲೊಮ್ಮೆ, ಹದಿನೈದು ದಿನ ಮೊದಲೊಮ್ಮೆ ಎಚ್ಚರಿಕೆ ಬೇಕು. ಎರಡನೆಯದು ಮೇಲಧಿಕಾರಿಗೂ ಹೋಗಬೇಕು. ದೋಷ ಹೊಣೆಗಾರಿಕೆ ಮುಗಿಯುವ ಮೊದಲು ಎಂಜಿನಿಯರ್ ಸ್ಥಳಕ್ಕೆ ಹೋಗಿ ಬಿರುಕು, ಗುಂಡಿ ನೋಡಿ, ದುರಸ್ತಿಗೆ ನೋಟಿಸ್ ಕೊಡಲು ಸಮಯವಿರಬೇಕು. ವಾರದ ಸಭೆಗಾದರೆ ಹಿಂದಿನ ಸಂಜೆ ಹೇಳಿದರೂ ಸಾಕು. ಎಷ್ಟು ಮೊದಲು ಎಂಬುದನ್ನು ನಿರ್ಧರಿಸಬೇಕಾದದ್ದು ಆ ಕೆಲಸ ಮಾಡಿ ಮುಗಿಸಲು ಹಿಡಿಯುವ ಕಾಲ.

ಒಳಗೆ ನಡೆಯುವುದು ಸರಳ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಎಂಬ ವ್ಯವಸ್ಥೆ 1970ರ ದಶಕದಲ್ಲೇ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಂ ಆದ ಯೂನಿಕ್ಸ್‌ನಲ್ಲಿತ್ತು. ಇಂದಿನ ತಂತ್ರಾಂಶಗಳದ್ದೂ ಬಹುಮಟ್ಟಿಗೆ ಅದೇ ವಿಚಾರ. ಪ್ರಾಜೆಕ್ಟ್ ನಿರ್ವಹಣೆಯ ತಂತ್ರಾಂಶವಾದ ಜೀರಾದಲ್ಲಿ ವೇಳಾಪಟ್ಟಿಯಂತೆ ಓಡುವ ನಿಯಮವೊಂದಕ್ಕೆ ಹುಡುಕಾಟದ ಷರತ್ತು ಜೋಡಿಸಬಹುದು. ಅಂಥದ್ದೇ ಇನ್ನೊಂದು ತಂತ್ರಾಂಶ ಮಂಡೇ ಡಾಟ್ ಕಾಮ್‌ನಲ್ಲಿ ದಿನಾಂಕದ ಪ್ರತಿ ಅಂಕಣಕ್ಕೂ ‘ಈ ದಿನ ಬಂದಾಗ ತಿಳಿಸು’ ಎಂಬ ನಿಯಮ ಕೂಡಿಸಬಹುದು. ಗೂಗಲ್ ಶೀಟ್ಸ್ ಬಳಸುವವರು ಅದರೊಳಗೇ ಕೋಡ್ ಬರೆಯಲು ಇರುವ ಆ್ಯಪ್ಸ್ ಸ್ಕ್ರಿಪ್ಟ್‌ನ ಸಮಯಾಧಾರಿತ ಟ್ರಿಗರ್‌ನಿಂದ ಇದನ್ನೇ ಮಾಡಿಕೊಳ್ಳುತ್ತಾರೆ. ಕ್ಯಾಲೆಂಡರ್ ಆ್ಯಪ್‌ಗಳು ಬಳಸುವ ಐಕ್ಯಾಲೆಂಡರ್ ಮಾನಕ 1998ರದ್ದು, 2009ರಲ್ಲಿ ಪರಿಷ್ಕೃತವಾಯಿತು. ಒಂದೇ ಕಾರ್ಯಕ್ರಮಕ್ಕೆ ಹಲವು ಅಲಾರಂ ಇಡಲು, ಅವನ್ನು ‘ಆರಂಭಕ್ಕೆ ಏಳು ದಿನ ಮೊದಲು’ ಎಂದು ಸಾಪೇಕ್ಷವಾಗಿ ಹೇಳಲು ಅದರಲ್ಲಿ ಅವಕಾಶವಿದೆ.

ಈ ಸಾಪೇಕ್ಷತೆಯೇ ಇಡೀ ವ್ಯವಸ್ಥೆಯ ಬಲ. ‘ಮಾರ್ಚ್ 3ರಂದು ನೆನಪಿಸು’ ಎಂದು ಕೈಯಾರೆ ಬರೆದರೆ, ಗಡುವು ಮುಂದೆ ಹೋದಾಗ ಆ ರಿಮೈಂಡರ್ ಹಳೆಯ ದಿನದಲ್ಲೇ ಉಳಿಯುತ್ತದೆ. ಅಂಕಣಕ್ಕೆ ಕಟ್ಟಿದ್ದರೆ ದಿನಾಂಕದ ಜೊತೆ ತಾನೂ ಸರಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ‘ಸರಿಯಾಗಿ ಏಳು ದಿನ ಉಳಿದಿದ್ದರೆ ತಿಳಿಸು’ ಎಂದು ಷರತ್ತು ಬರೆದಿದ್ದೀರಿ ಎನ್ನೋಣ. ಹತ್ತು ದಿನ ಬಾಕಿಯಿದ್ದ ಗಡುವನ್ನು ಯಾರೋ ಐದು ದಿನಕ್ಕೆ ಎಳೆದರು. ಏಳನೆಯ ದಿನ ಎಂಬುದು ಬರಲೇ ಇಲ್ಲ. ನಿಯಮ ದಿನವೂ ಓಡಿತು, ಷರತ್ತು ಒಂದು ದಿನವೂ ಹೊಂದಲಿಲ್ಲ, ಯಾರಿಗೂ ಸಂದೇಶ ಹೋಗಲಿಲ್ಲ. ಏಳನೆಯ ದಿನ ಸರ್ವರ್ ನಿಂತಿದ್ದರೂ ಇದೇ ಗತಿ. ‘ಏಳು ಅಥವಾ ಅದಕ್ಕಿಂತ ಕಡಿಮೆ ದಿನ ಉಳಿದಿದ್ದು, ಇನ್ನೂ ತಿಳಿಸಿಲ್ಲದಿದ್ದರೆ’ ಎಂದು ಬರೆಯಬೇಕು. ಇದಕ್ಕೆ ಪ್ರತಿ ದಿನಾಂಕದ ಪ್ರತಿ ಹಂತಕ್ಕೂ ‘ತಿಳಿಸಲಾಗಿದೆ’ ಎಂಬ ಗುರುತಿನ ಅಂಕಣ ಬೇಕು, ದಿನಾಂಕ ಬದಲಾದಾಗ ಆ ಗುರುತು ಅಳಿಯಬೇಕು.

ಸಮಯವಲಯವನ್ನೂ ನೋಡಿಕೊಳ್ಳಿ. ಜಾಗತಿಕ ಪ್ರಮಾಣ ಸಮಯದಲ್ಲಿ ಓಡುವ ಸರ್ವರ್‌ಗೆ, ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಇನ್ನೂ ನಿನ್ನೆಯೇ. ಆ ಹೊತ್ತಿನಲ್ಲಿ ಲೆಕ್ಕ ಮಾಡಿದರೆ ಒಂದು ದಿನ ತಪ್ಪುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಓಡಿಸುವುದು ಕ್ಷೇಮ.

ಸಂದೇಶ ಹೋಗಬೇಕಾದದ್ದು ಹುದ್ದೆಗೆ. ವ್ಯಕ್ತಿಯ ಇಮೇಲ್‌ಗೆ ಕಟ್ಟಿದರೆ ಅವರ ವರ್ಗಾವಣೆಯ ನಂತರ ಎಚ್ಚರಿಕೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತವೆ. ಸಂದೇಶದಲ್ಲಿ ‘ಗಡುವು ಸಮೀಪಿಸಿದೆ’ ಎಂದಷ್ಟೇ ಇದ್ದರೆ ಪ್ರಯೋಜನ ಕಡಿಮೆ. ಯಾವ ಕಾಮಗಾರಿ, ಯಾವ ಗಡುವು, ಎಷ್ಟು ದಿನ ಬಾಕಿ, ಮುಂದೆ ಮಾಡಬೇಕಾದ್ದೇನು ಎಂಬುದು ಮೊದಲ ಸಾಲಿನಲ್ಲೇ ಇರಲಿ.

ನಿಯಮ ಜಾರಿಗೆ ತರುವ ಮೊದಲು ಪರೀಕ್ಷೆಗೆಂದೇ ಒಂದು ಸುಳ್ಳು ಕಡತ ಸೃಷ್ಟಿಸಿ. ಒಂದು ಅಂಕಣಕ್ಕೆ ನಾಳೆಯ ದಿನಾಂಕ, ಇನ್ನೊಂದಕ್ಕೆ ಮುಂದಿನ ವಾರದ್ದು, ಮತ್ತೊಂದಕ್ಕೆ ಕಳೆದುಹೋದ ದಿನಾಂಕ ತುಂಬಿ. ಒಂದನ್ನು ಖಾಲಿ ಬಿಡಿ. ಖಾಲಿ ಅಂಕಣಕ್ಕೆ ನಿಯಮ ಏನು ಮಾಡುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿ. ದಿನಾಂಕವನ್ನೇ ತುಂಬದ ಕಡತದ ಬಗ್ಗೆ ನಿಯಮ ಸುಮ್ಮನಿದ್ದರೆ, ಖಾಲಿ ಅಂಕಣಗಳ ಪಟ್ಟಿಯನ್ನು ಪ್ರತಿ ಸೋಮವಾರ ಕಳುಹಿಸುವ ಇನ್ನೊಂದು ನಿಯಮ ಬರೆಯಬೇಕಾಗುತ್ತದೆ.