ಒಂದು ಗಂಟೆಗೆ ನಲವತ್ತು ಗ್ರಾಂ: ಜಪಾನಿನ ಚಹಾ ಹೊರಗಿನವರ ಕೈ ಸೇರಿದ ಬಗೆ

2024ರ ಶರತ್ಕಾಲದಲ್ಲಿ ಕ್ಯೋಟೊದ ಹೆಸರಾಂತ ಚಹಾ ಅಂಗಡಿಗಳಾದ ಇಪ್ಪೋಡೊ, ಮಾರುಕ್ಯು ಕೊಯಾಮಾಎನ್ ಮುಂತಾದವು ಮಾಚಾ ಎಂಬ ನುಣುಪಾದ ಹಸಿರು ಚಹಾ ಪುಡಿಯ ಮಾರಾಟಕ್ಕೆ ಮಿತಿ ಹಾಕಿದವು. ಒಬ್ಬರಿಗೆ ಇಷ್ಟೇ ಡಬ್ಬಿ, ಕೆಲವು ಬಗೆಗಳಂತೂ ಸದ್ಯಕ್ಕೆ ಇಲ್ಲವೇ ಇಲ್ಲ. ಮರುವರ್ಷದ ವಸಂತದ ಹರಾಜಿನಲ್ಲಿ ಕ್ಯೋಟೊದ ತೆನ್ಚಾ, ಅಂದರೆ ಮಾಚಾ ಆಗಬೇಕಾದ ಒಣ ಎಲೆ, ಕಿಲೋಗೆ ಸರಾಸರಿ 8,235 ಯೆನ್ ಮುಟ್ಟಿತು. ಹಿಂದಿನ ವರ್ಷದ ಬೆಲೆಗೆ ಹೋಲಿಸಿದರೆ ಸುಮಾರು 1.7 ಪಟ್ಟು. ಅಂದಿನಿಂದ ವಾದ ನಡೆದೇ ಇದೆ. ಪ್ರವಾಸಿಗರು ಮುಗಿಬಿದ್ದರು ಎಂದು ಕೆಲವರು, ಕೆಫೆಗಳಲ್ಲಿ ಹಾಲಿಗೆ ಮಾಚಾ ಬೆರೆಸುವ ಲಾಟೆಯಿಂದ ಹೀಗಾಯಿತು ಎಂದು ಕೆಲವರು, ಬಿಸಿಲು ಗಿಡಗಳನ್ನು ಸುಟ್ಟಿತು ಎಂದು ಇನ್ನು ಕೆಲವರು ಹೇಳುತ್ತಾರೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಈ ಗಂಟು ಬಿದ್ದದ್ದು ನಿನ್ನೆ ಮೊನ್ನೆಯಲ್ಲ. ಜಪಾನ್ ತನ್ನ ಚಹಾವನ್ನು ಹೊರಗಿನವರಿಗೆ ಪರಿಚಯಿಸಲು ಹೊರಟು ನೂರೈವತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಅತಿಥಿಗೆ ಕ್ರಮವಾಗಿ ಚಹಾ ಮಾಡಿಕೊಡುವ ಕೋಣೆ ಒಂದು ದಾರಿ ಹಿಡಿಯಿತು, ಚಹಾದ ಪುಡಿ ಇನ್ನೊಂದು ದಾರಿ ಹಿಡಿಯಿತು.

ಹಳೆಯ ಕಥೆ ಚಿಕ್ಕದಾಗಿ ಹೇಳುವುದಾದರೆ ಇಷ್ಟು: 1191ರಲ್ಲಿ ಚೀನಾದಿಂದ ಮರಳಿದ ಝೆನ್ ಭಿಕ್ಷು ಎಯ್ಸಾಯ್ ಚಹಾದ ಬೀಜಗಳನ್ನೂ ಪುಡಿ ಕದಡಿ ಕುಡಿಯುವ ರೂಢಿಯನ್ನೂ ತಂದ, ಕ್ಯೋಟೊ ಪಕ್ಕದ ಉಜಿ ಅದಕ್ಕೆ ತವರಾಯಿತು, ಹದಿನಾರನೇ ಶತಮಾನದಲ್ಲಿ ಚಹಾ ಗುರು ಸೆನ್ ನೊ ರಿಕ್ಯು ಆಡಂಬರವೆಲ್ಲ ಕಳೆದು ಚಾನೊಯು ಎಂಬ ಚಹಾ ವಿಧಾನಕ್ಕೆ ಈಗಿನ ರೂಪ ಕೊಟ್ಟ, 1591ರಲ್ಲಿ ದೊರೆ ಹಿದೆಯೋಷಿಯ ಆಜ್ಞೆಯಂತೆ ಪ್ರಾಣ ಬಿಟ್ಟ, ಮುಂದೆ ಅವನ ವಂಶದಿಂದ ಒಮೊತೆಸೆನ್ಕೆ, ಉರಾಸೆನ್ಕೆ, ಮುಶಾಕೋಜಿಸೆನ್ಕೆ ಎಂಬ ಮೂರು ಮನೆತನಗಳಾದವು.

ನಿಂತು ನೋಡಬೇಕಾದ ವರ್ಷ 1872. ಆಡಳಿತ ಮತ್ತೆ ಚಕ್ರವರ್ತಿಯ ಹೆಸರಿಗೆ ಬಂದ ಮೆಯ್ಜಿ ಬದಲಾವಣೆ ಆಗಷ್ಟೇ ಮುಗಿದಿತ್ತು. ಚಹಾ ಗುರುಗಳನ್ನು ಸಾಕುತ್ತಿದ್ದ ಪ್ರಾಂತ್ಯಾಧಿಪತಿಗಳು ಅಧಿಕಾರ ಕಳೆದುಕೊಂಡಿದ್ದರು. ರಾಜಧಾನಿ ಟೋಕಿಯೊಗೆ ಹೋಗಿ ಕ್ಯೋಟೊ ಬಡವಾಗಿತ್ತು. ಊರನ್ನು ಮೇಲೆತ್ತಲು ಅಲ್ಲಿನವರು ವಸ್ತುಪ್ರದರ್ಶನ ಏರ್ಪಡಿಸಿದರು, ಅದಕ್ಕೆಂದೇ ವಿದೇಶಿಯರಿಗೆ ನಗರದೊಳಗೆ ಬರಲು ವಿಶೇಷ ಅನುಮತಿ ಸಿಕ್ಕಿತು. ಆಗ ಎದುರಾದ ಕಷ್ಟ ತೀರಾ ಸರಳ: ಬಂದ ಯೂರೋಪಿನವರಿಗೆ ಮಂಡಿಯೂರಿ ಕೂರಲು ಬರುತ್ತಿರಲಿಲ್ಲ. ಉರಾಸೆನ್ಕೆಯ ಹನ್ನೊಂದನೇ ಗುರು ಗೆಂಗೆನ್ಸಾಯ್ ಇದಕ್ಕೆ ಮೇಜು ಮತ್ತು ಎತ್ತರದ ಆಸನದ ಹೊಸ ಕ್ರಮವೊಂದನ್ನು ರೂಪಿಸಿದ. ಅದೇ ರ್ಯೂರೆಯ್. ನೀರಿನ ಕೆಟಲು, ಒಲೆ, ತಣ್ಣೀರಿನ ಪಾತ್ರೆ ಎಲ್ಲವೂ ಒಂದು ಮೇಜಿನ ಮೇಲೆ. ಆತಿಥೇಯ ಅದರ ಹಿಂದೆ ಆಸನದ ಮೇಲೆ, ಅತಿಥಿಗಳು ಎದುರಿನ ಬೆಂಚಿನ ಮೇಲೆ. ಕೈಯ ಚಲನೆ, ವಸ್ತು ಒರೆಸುವ ಕ್ರಮ, ಬಟ್ಟಲು ತಿರುಗಿಸುವ ರೀತಿ ಯಾವುದಕ್ಕೂ ಪೆಟ್ಟು ಬೀಳಲಿಲ್ಲ. ಬದಲಾದದ್ದು ಕೂರುವ ಎತ್ತರ ಮಾತ್ರ.

ಅದೇ ಪ್ರದರ್ಶನಕ್ಕೆ ಜೊತೆಯಾಗಿ ಗಿಯೊನ್ ಬಡಾವಣೆಯಲ್ಲಿ ಶುರುವಾದ ಮಿಯಾಕೊ ಒದೊರಿ ನೃತ್ಯ ಇಂದಿಗೂ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ನೃತ್ಯಕ್ಕೆ ಮೊದಲು ಗೆಯ್ಕೊ, ಅಂದರೆ ಕ್ಯೋಟೊದ ವೃತ್ತಿಪರ ಕಲಾವಿದೆ, ಒಬ್ಬಳು ಮೇಜಿನ ಹಿಂದೆ ಕೂತು ರ್ಯೂರೆಯ್ ಕ್ರಮದಲ್ಲೇ ಚಹಾ ಮಾಡುತ್ತಾಳೆ. ಸಿಹಿ ಇಟ್ಟುಕೊಟ್ಟ ಪುಟ್ಟ ತಟ್ಟೆಯನ್ನು ಪ್ರೇಕ್ಷಕರು ಮನೆಗೆ ಒಯ್ಯಬಹುದು. ಹೊರಗಿನವರಿಗಾಗಿ ಮಾಡಿದ ಒಂದು ಬದಲಾವಣೆ ಮನೆಯವರಿಗೂ ಒಗ್ಗಿ ಹೋಯಿತು. ಮಂಡಿನೋವಿನ ಹಿರಿಯ ಜಪಾನೀಯರಿಗೆ ಇವತ್ತು ರ್ಯೂರೆಯ್ ದೊಡ್ಡ ಉಪಕಾರ. ಪರಿಚಯ ಎಂದರೆ ಹೀಗಿರಬೇಕು ಅನಿಸುವುದು ಈ ಕಾರಣಕ್ಕೆ.

ಆ ಕ್ರಮದಲ್ಲಿ ಉಳಿದುಕೊಂಡದ್ದು ಏನು ಎಂಬುದನ್ನು ಕೋಣೆಯೊಳಗೆ ಹೊಕ್ಕು ನೋಡಬೇಕು. ಸಾಮಾನ್ಯ ಚಹಾ ಕೋಣೆ ನಾಲ್ಕೂವರೆ ತತಾಮಿ ಚಾಪೆಯಷ್ಟು, ಅಂದರೆ ಸುಮಾರು ಒಂಬತ್ತಡಿ ಚೌಕ. ಅತಿಥಿ ಒಳಬರುವ ಬಾಗಿಲು ಎರಡಡಿ ಚಿಲ್ಲರೆ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ. ಎಂಥವರೂ ತಲೆ ತಗ್ಗಿಸಿ ಮಂಡಿಯ ಮೇಲೆ ಜರುಗಬೇಕು. ಪೂರ್ತಿ ಕ್ರಮಕ್ಕೆ ಚಾಜಿ ಎನ್ನುತ್ತಾರೆ. ಇದ್ದಿಲು ಹಾಕುವುದು, ಮಿತವಾದ ಊಟ, ನಡುವೆ ಒಂದು ಬಿಡುವು, ಆಮೇಲೆ ಗಟ್ಟಿ ಚಹಾ, ಕೊನೆಗೆ ತೆಳು ಚಹಾ: ಒಟ್ಟು ನಾಲ್ಕು ಗಂಟೆ. ಗಟ್ಟಿ ಚಹಾ ಕೊಯ್ಚಾಗೆ ತಲಾ 4 ಗ್ರಾಂ ಪುಡಿ, 30ರಿಂದ 40 ಮಿಲಿ ನೀರು. ಅದನ್ನು ಕಡೆಯುವುದಿಲ್ಲ, ನಿಧಾನವಾಗಿ ನಾದಿದ ಹಾಗೆ ಕಲಸುತ್ತಾರೆ. ತೆಳು ದೋಸೆಹಿಟ್ಟಿನ ಹದಕ್ಕೆ ಬಂದ ಅದು ಒಂದೇ ಬಟ್ಟಲಲ್ಲಿ ಅತಿಥಿಯಿಂದ ಅತಿಥಿಗೆ ದಾಟುತ್ತದೆ. ತೆಳು ಚಹಾ ಉಸುಚಾ ತಲಾ 2 ಗ್ರಾಂ, 60ರಿಂದ 70 ಮಿಲಿ ನೀರು. ನೊರೆಯ ವಿಷಯದಲ್ಲಿ ಮನೆತನಗಳಿಗೆ ಭಿನ್ನಾಭಿಪ್ರಾಯವಿದೆ. ಉರಾಸೆನ್ಕೆಯವರು ಬಟ್ಟಲ ತುಂಬ ನೊರೆ ಎಬ್ಬಿಸುತ್ತಾರೆ, ಒಮೊತೆಸೆನ್ಕೆಯವರು ಅರ್ಧಚಂದ್ರದಷ್ಟು ಜಾಗ ನೊರೆಯಿಲ್ಲದೆ ಬಿಡುತ್ತಾರೆ. ಆದರೆ ಒಂದು ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ: ಕುಡಿಯುವವನು ತನ್ನ ಚಹಾವನ್ನು ತಾನೇ ಕಡೆಯುವುದಿಲ್ಲ. ಒಬ್ಬರು ಇನ್ನೊಬ್ಬರಿಗಾಗಿ ಮಾಡಿಕೊಡುತ್ತಾರೆ, ಇನ್ನೊಬ್ಬರು ಕೂತು ನೋಡುತ್ತಾರೆ. ಉಳಿದೆಲ್ಲವೂ ಅದರ ಸುತ್ತ ಕಟ್ಟಿದ್ದು.

ಮುಂದಿನ ಹಂತದಲ್ಲಿ ಪುಸ್ತಕ ಮತ್ತು ಪ್ರವಾಸ ಬಂದವು. ಜಪಾನಿನ ಕಲಾ ವಿದ್ವಾಂಸ ಒಕಾಕುರಾ ಕಾಕುಜೊ 1906ರಲ್ಲಿ ಚಹಾದ ಕುರಿತ ತನ್ನ ಪುಸ್ತಕವನ್ನು ನೇರವಾಗಿ ಇಂಗ್ಲಿಷಿನಲ್ಲೇ ಬರೆದು ನ್ಯೂಯಾರ್ಕಿನಲ್ಲಿ ಪ್ರಕಟಿಸಿದರು. ಅದಕ್ಕೆ ಕೆಲವೇ ವರ್ಷ ಮುಂಚೆ ಕಲ್ಕತ್ತೆಗೆ ಬಂದು ವಿವೇಕಾನಂದರನ್ನೂ ಠಾಕೂರರ ಮನೆಯವರನ್ನೂ ಕಂಡಿದ್ದವರು ಇವರೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉರಾಸೆನ್ಕೆ 1951ರಲ್ಲಿ ಹವಾಯಿಯಲ್ಲಿ ಶಾಖೆ ತೆರೆಯಿತು. ಅದರ ಹಿಂದಿದ್ದ, ಅದೇ ಮನೆತನದ ಸೆನ್ ಗೆನ್‌ಷಿತ್ಸು ಯುದ್ಧದಲ್ಲಿ ಆತ್ಮಾಹುತಿ ವಿಮಾನದಳಕ್ಕೆ ಸೇರಿ ಬದುಕುಳಿದವರು. ಬಟ್ಟಲು ಚಹಾದಲ್ಲಿ ಶಾಂತಿಯಿದೆ ಎಂದು ದಶಕಗಟ್ಟಲೆ ದೇಶದೇಶ ಸುತ್ತಿ ಹೇಳಿದರು, 2025ರ ಆಗಸ್ಟ್‌ನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಹಂತದಲ್ಲೂ ಹೊರಗಿನವರು ಗುರುವಿನ ಎದುರು ಕೂತು ವರ್ಷಗಟ್ಟಲೆ ಕಲಿಯಬೇಕಿತ್ತು.

2003ರಲ್ಲಿ ಸರ್ಕಾರ ಪ್ರವಾಸಿಗರನ್ನು ಕರೆಯುವ ದೊಡ್ಡ ಪ್ರಚಾರ ಆರಂಭಿಸಿದಾಗ ವರ್ಷಕ್ಕೆ ಬರುತ್ತಿದ್ದವರು ಸುಮಾರು 52 ಲಕ್ಷ. 2013ರಲ್ಲಿ ಒಂದು ಕೋಟಿ ದಾಟಿತು, 2024ರಲ್ಲಿ ಸುಮಾರು 3.69 ಕೋಟಿ. ಇಷ್ಟು ಜನರಿಗೆ ನಾಲ್ಕು ಗಂಟೆಯ ಚಾಜಿ ಬಡಿಸಲು ಸಾಧ್ಯವೇ ಇಲ್ಲ. ಹಾಗಾಗಿ ಮುಕ್ಕಾಲು ಗಂಟೆಯ ‘ಅನುಭವ’ ಹುಟ್ಟಿಕೊಂಡಿತು: ಬಾಡಿಗೆಯ ಕಿಮೋನೊ, ಒಂದು ಸಿಹಿ, ಹತ್ತು ನಿಮಿಷದ ಪ್ರದರ್ಶನ, ಕೊನೆಗೆ ಪ್ರತಿಯೊಬ್ಬರ ಕೈಗೂ ಒಂದು ಬಟ್ಟಲು, ಒಂದು ಬಿದಿರಿನ ಕಡೆಗೋಲು. ಬಂದವರು ಖುಷಿಯಿಂದಲೇ ಹೋಗುತ್ತಾರೆ, ಕಲಿಸುವವರಲ್ಲಿ ಅನೇಕರು ನಿಷ್ಠೆಯಿಂದಲೇ ಕಲಿಸುತ್ತಾರೆ. ಆದರೂ ತನ್ನ ಚಹಾವನ್ನು ತಾನೇ ಕಡೆದು ಕುಡಿದವರಿಗೆ ಮಾಚಾ ಒಂದು ಪಾನೀಯವಾಗಿ ಪರಿಚಯವಾಗುತ್ತದೆ. ಇನ್ನೊಬ್ಬರು ತಮಗಾಗಿ ಕೂತು ಮಾಡಿಕೊಟ್ಟದ್ದರ ರುಚಿ ಪರಿಚಯವಾಗುವುದಿಲ್ಲ. ಅಲ್ಲಿಂದ ಪುಡಿಯ ಡಬ್ಬಿ ಕೊಂಡು ಊರಿಗೆ ಮರಳುವುದಕ್ಕೆ ಒಂದೇ ಹೆಜ್ಜೆ.

ಈಗ ಪುಡಿಯ ಲೆಕ್ಕಕ್ಕೆ ಬರೋಣ, ಏಕೆಂದರೆ ಕೊರತೆಯ ಮೂಲ ಇಲ್ಲಿದೆ. ಕೊಯ್ಲಿಗೆ ಮೂರು ನಾಲ್ಕು ವಾರ ಮುಂಚೆ ತೋಟದ ಮೇಲೆ ಚಪ್ಪರ ಹಾಕುತ್ತಾರೆ. ಹಿಂದೆ ಜೊಂಡಿನ ತಟ್ಟಿ ಮತ್ತು ಭತ್ತದ ಹುಲ್ಲು, ಈಗ ಹೆಚ್ಚಿನ ಕಡೆ ಕಪ್ಪು ನೆರಳುಬಲೆ. ಕೊನೆಯ ದಿನಗಳಲ್ಲಿ ಶೇ 95ಕ್ಕೂ ಹೆಚ್ಚು ಬೆಳಕು ತಡೆಯಲಾಗುತ್ತದೆ. ಬಿಸಿಲಿದ್ದರೆ ಎಲೆಯಲ್ಲಿನ ಥಿಯನೈನ್ ಎಂಬ ರುಚಿಯ ಅಂಶ ಒಗರು ಕೊಡುವ ಕ್ಯಾಟೆಕಿನ್‌ಗಳಾಗಿ ಮಾರ್ಪಡುತ್ತದೆ; ನೆರಳಲ್ಲಿ ಅದು ಹಾಗೇ ಉಳಿದು ಸಿಹಿಯಾದ ಸಾರದ ರುಚಿ ಬರುತ್ತದೆ, ಹಸಿರೂ ಗಾಢವಾಗುತ್ತದೆ. ಕಿತ್ತ ದಿನವೇ ಹದಿನೈದಿಪ್ಪತ್ತು ಸೆಕೆಂಡ್ ಹಬೆ ಕೊಡುತ್ತಾರೆ. ತಡವಾದರೆ ಎಲೆ ಕಂದಿ ಕಪ್ಪು ಚಹಾದ ದಾರಿ ಹಿಡಿಯುತ್ತದೆ. ಆಮೇಲೆ ಸಾಮಾನ್ಯ ಹಸಿರು ಚಹಾದಂತೆ ಉಜ್ಜಿ ಸುತ್ತುವುದಿಲ್ಲ. ಬಲೆಯ ಗೂಡಿನೊಳಗೆ ಗಾಳಿಯಿಂದ ಮೇಲಕ್ಕೆ ಹಾರಿಸಿ ಬಿಡಿಸಿ, ಇಟ್ಟಿಗೆಯ ಉದ್ದನೆಯ ಒಲೆಯೊಳಗೆ ಒಣಗಿಸುತ್ತಾರೆ. ದಂಟು, ನಾರು ತೆಗೆದರೆ ಉಳಿಯುವುದು ತೆನ್ಚಾ.

ಅದನ್ನು ಬೀಸುವ ಕಲ್ಲು ನಮ್ಮ ರಾಗಿ ಕಲ್ಲಿನಂಥದ್ದೇ, ಗ್ರಾನೈಟಿನದು, ಒಳಮೈಯಲ್ಲಿ ಕೊರೆದ ಗೀರುಗಳಿರುತ್ತವೆ. ವೇಗ ಮಾತ್ರ ತೀರಾ ಕಡಿಮೆ. ಬೇಗ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹಾರುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಹೀಗಾಗಿ ಒಂದು ಕಲ್ಲು ಗಂಟೆಗೆ ಕೊಡುವುದು 40 ಗ್ರಾಂ ಮಾತ್ರ. ಕಿಲೋ ಪುಡಿಗೆ ಇಪ್ಪತ್ತೈದು ಗಂಟೆ. ಕೋಣೆಯ ಲೆಕ್ಕದಲ್ಲಿ ಆ 40 ಗ್ರಾಂ ಇಪ್ಪತ್ತು ಬಟ್ಟಲು ಉಸುಚಾ. ಹಾಲು, ಸಕ್ಕರೆ ದಾಟಿ ರುಚಿ ಮೇಲೇಳಬೇಕಾದ ಲಾಟೆಗೆ 3ರಿಂದ 4 ಗ್ರಾಂ ಬೇಕಾಗುವುದರಿಂದ ಅದೇ ಪುಡಿ ಹತ್ತು ಹದಿಮೂರು ಲೋಟಕ್ಕೆ ಮುಗಿಯುತ್ತದೆ. ಲಾಟೆಗೆ ಯಂತ್ರದಲ್ಲಿ ಬೀಸಿದ, ತಡವಾದ ಕೊಯ್ಲಿನ ಪುಡಿ ಸಾಕು, ಜಪಾನಿನಲ್ಲಿ ಅದಕ್ಕೆ ಬಳಸುತ್ತಿದ್ದದ್ದೂ ಅದನ್ನೇ. ಬೆಂಗಳೂರಿನ ಕೆಫೆಗಳವರೆಗೂ ಬಂದ ಹೊಸ ಹವ್ಯಾಸದಲ್ಲಿ ಹಾಲಿಗೂ ಮೊದಲ ಕೊಯ್ಲಿನ ಪುಡಿಯೇ ಬೇಕೆನ್ನುವವರು ಹೆಚ್ಚಾದರು. ಡಬ್ಬಿಯ ಮೇಲಿನ ‘ಸೆರೆಮೋನಿಯಲ್ ಗ್ರೇಡ್’ (ಚಹಾ ವಿಧಿಗೆ ತಕ್ಕ ದರ್ಜೆ) ಎಂಬ ಮಾತು ಇದಕ್ಕೆ ಇಂಬು ಕೊಟ್ಟಿತು. ಅದು ಹೊರದೇಶದ ಮಾರುಕಟ್ಟೆಯಲ್ಲಿ ಹುಟ್ಟಿದ ಪದ. ಜಪಾನಿನಲ್ಲಿ ಅದಕ್ಕೆ ಯಾವ ಕಾನೂನಿನ ಅಳತೆಯೂ ಇಲ್ಲ. ಕೊಳ್ಳುವವರು ನೋಡಬೇಕಾದದ್ದು ಬೀಸಿದ ದಿನಾಂಕ, ಊರು, ಮೊದಲ ಕೊಯ್ಲೇ ಎಂಬುದು, ತೆರೆದಾಗಿನ ಬಣ್ಣ. ಒಣ ಹುಲ್ಲಿನ ಹಳದಿ ಕಂಡರೆ ಪುಡಿ ಹಳತು ಅಥವಾ ನೆರಳು ಕಾಣದ್ದು.

ಮನೆಯಲ್ಲಿ ಮಾಡಿ ಕಹಿ ಎಂದು ಬಿಟ್ಟವರ ತಪ್ಪುಗಳು ಹೆಚ್ಚಾಗಿ ಮೂರೇ. ಕುದಿಯುವ ನೀರು ಹಾಕಿರುತ್ತಾರೆ; 75ರಿಂದ 80 ಡಿಗ್ರಿ ಸಾಕು, ಕುದಿದ ನೀರನ್ನು ಎರಡು ಪಾತ್ರೆ ಬದಲಿಸಿದರೆ ಅಲ್ಲಿಗೆ ಇಳಿಯುತ್ತದೆ. ಪುಡಿಯನ್ನು ಜರಡಿ ಹಿಡಿದಿರುವುದಿಲ್ಲ. ರಾಗಿ ಅಂಬಲಿ ಮಾಡಿದವರಿಗೆ ಗಂಟಿನ ಕಷ್ಟ ಹೇಳಬೇಕಿಲ್ಲ, ಇದು ಅದಕ್ಕಿಂತ ನಯ, ಅದಕ್ಕಿಂತ ಬೇಗ ಗಂಟಾಗುತ್ತದೆ. ಕಡೆಗೋಲನ್ನು ಮೊದಲು ಬಿಸಿನೀರಲ್ಲಿ ನೆನೆಸಿರುವುದಿಲ್ಲ, ಒಣ ಬಿದಿರಿನ ಎಳೆಗಳು ತಳಕ್ಕೆ ಒತ್ತಿ ಮುರಿಯುತ್ತವೆ. ಎಳೆಗಳು ತಳ ಮುಟ್ಟದಂತೆ, ಸುತ್ತಿಸದೆ, ಮಣಿಕಟ್ಟಿನಿಂದ ಹಿಂದೆ ಮುಂದೆ ಬೇಗ ಬೇಗ ಆಡಿಸಬೇಕು.

ಬೇಡಿಕೆ ಇದ್ದರೆ ಹೆಚ್ಚು ಬೆಳೆಯಬಾರದೇ ಎಂಬ ಪ್ರಶ್ನೆ ಸಹಜ. ಬೆಳೆಯುತ್ತಲೂ ಇದ್ದಾರೆ. ದಕ್ಷಿಣದ ಕಾಗೊಷಿಮಾದಲ್ಲಿ ಸಮತಟ್ಟಾದ ದೊಡ್ಡ ತೋಟಗಳಿವೆ, ಕೊಯ್ಲು ಯಂತ್ರದ್ದು. 2024ರಲ್ಲಿ ಒಟ್ಟು ಚಹಾ ಇಳುವರಿಯಲ್ಲಿ ಅದು ಬಹುಕಾಲದ ಮೊದಲಿಗ ಷಿಜುವೊಕಾವನ್ನು ಹಿಂದೆ ಹಾಕಿತು. ಆದರೆ ಸೆನ್ಚಾ ಎಂಬ ಸಾಮಾನ್ಯ ಹಸಿರು ಚಹಾ ಬೆಳೆಯುವ ರೈತ ತೆನ್ಚಾಕ್ಕೆ ಬರಬೇಕಾದರೆ ಚಪ್ಪರ ಬೇಕು, ಸೆನ್ಚಾ ಯಂತ್ರಗಳು ಉಪಯೋಗಕ್ಕೆ ಬಾರದೆ ಹೊಸ ಒಲೆ ಕಟ್ಟಬೇಕು, ಸಾಲ ಮಾಡಬೇಕು. ಬೆಳೆಗಾರರಲ್ಲಿ ಬಹಳ ಮಂದಿ ವಯಸ್ಸಾದವರು, ಮಕ್ಕಳು ಪಟ್ಟಣ ಸೇರಿದ್ದಾರೆ. ಈ ಹವಾ ಇನ್ನೆರಡು ವರ್ಷಕ್ಕೆ ಇಳಿದರೆ ಸಾಲ ಯಾರು ತೀರಿಸುವುದು ಎಂಬ ಅವರ ಹಿಂಜರಿಕೆಯನ್ನು ತಪ್ಪೆನ್ನಲಾಗದು. ಇತ್ತ ರೈತರು ತೆನ್ಚಾದ ಕಡೆ ವಾಲಿದಷ್ಟೂ ಜಪಾನೀಯರ ಮನೆಯ ದಿನನಿತ್ಯದ ಸೆನ್ಚಾ ತುಟ್ಟಿಯಾಗುತ್ತದೆ. ಚಹಾ ಗುರುಗಳ ಬಳಿ ಕಲಿಯುವವರ ಸಂಖ್ಯೆ ದೇಶದೊಳಗೆ ದಶಕಗಳಿಂದ ಇಳಿಯುತ್ತಿದೆ. ಉಳಿದ ಶಿಷ್ಯರಿಗೂ ಅಭ್ಯಾಸದ ಪುಡಿ ಸಿಗದೆ, ಸಿಕ್ಕರೂ ದುಬಾರಿಯಾದರೆ, ವಿದೇಶಿಯರಿಗೆ ತೋರಿಸಲು ಮುಂದೆ ಕೋಣೆ ಇರುತ್ತದೆ, ಮಾಡಿಕೊಡುವವರು ಇರುವುದಿಲ್ಲ. ಹೊಸ ಸಸಿಗಳನ್ನು ಉಜಿಯಲ್ಲೂ ಕಾಗೊಷಿಮಾದಲ್ಲೂ ನೆಡುತ್ತಿದ್ದಾರೆ. ಚಹಾ ಗಿಡ ಸರಿಯಾದ ಕೊಯ್ಲಿಗೆ ಬರಲು ನಾಲ್ಕೈದು ವರ್ಷ ಬೇಕು. 2025ರಲ್ಲಿ ನೆಟ್ಟ ಗಿಡದ ಎಲೆ ಕಲ್ಲಿಗೆ ಬೀಳುವುದು 2030ರ ಹೊತ್ತಿಗೆ, ಆಗಲೂ ಗಂಟೆಗೆ ನಲವತ್ತೇ ಗ್ರಾಂ.