ಎರಡನೇ ಕೇಬಲ್ ಎಲ್ಲಿಗೆ ಹೋಗುತ್ತದೆ?

ಮಡಿಕೇರಿಯ ಮಳೆಗಾಲದಲ್ಲಿ ವಿಡಿಯೋ ಮೀಟಿಂಗ್ ನಡುವೆ ಎಲ್ಲರ ಮುಖ ಹಾಗೇ ನಿಂತುಬಿಟ್ಟರೆ ನಾವು ಮೊದಲು ಬೈಯುವುದು ಮಳೆಯನ್ನೇ, ಅಲ್ವಾ? ಕೆಲವು ಸಲ ತಪ್ಪು ಮೀಟಿಂಗ್ ನಡೆಸುವ ಸರ್ವರ್ ಹಿಂದಿರುವ ಒಂಟಿ ಕೇಬಲಿನದು.

ಇಂಥ ಸರ್ವರ್‌ಗಳಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ನೆಟ್‌ವರ್ಕ್ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ಕಿಂಡಿ, ಇರುತ್ತವೆ. ಎರಡನ್ನು ಜೋಡಿ ಮಾಡಿ ಒಂದೇ ಐಪಿ ವಿಳಾಸ ಕೊಡುವುದಕ್ಕೆ ಬಾಂಡಿಂಗ್ ಅಂತಾರೆ. ಅದರಲ್ಲಿ ಆಕ್ಟಿವ್-ಬ್ಯಾಕಪ್ ಅನ್ನುವ ವಿಧಾನ ತುಂಬ ಸರಳ: ಒಂದು ಪೋರ್ಟ್ ದುಡಿಯುತ್ತದೆ, ಇನ್ನೊಂದು ಸುಮ್ನೆ ಕಾಯುತ್ತದೆ. ಲಿಂಕ್ (ಕೇಬಲಿನ ಸಂಪರ್ಕ) ಇದೆಯಾ ಅಂತ 100 ಮಿಲಿಸೆಕೆಂಡಿಗೊಮ್ಮೆ ನೋಡುವ ಹಾಗೆ ಲಿನಕ್ಸ್‌ನಲ್ಲಿ ಹೊಂದಿಸಬಹುದು. ಮೊದಲನೆಯದು ಹೋದರೆ ಎರಡನೆಯದು ಕೆಲಸ ಹಿಡಿದು, ಈ ವಿಳಾಸ ಈಗ ಈ ಕಡೆ ಇದೆ ಅಂತ ಎಆರ್‌ಪಿ ಸಂದೇಶದಲ್ಲಿ (ಯಾವ ಐಪಿ ವಿಳಾಸ ಯಾವ ಯಂತ್ರದ್ದು ಅಂತ ನೆಟ್‌ವರ್ಕ್‌ಗೆ ತಿಳಿಸುವ ಸಂದೇಶ) ಸಾರುತ್ತದೆ. ಆ ಗಳಿಗೆಯಲ್ಲಿ ಒಂದಷ್ಟು ಪ್ಯಾಕೆಟ್ ಕಳೆದುಹೋಗುತ್ತವೆ, ಚಿತ್ರ ಒಂಚೂರು ತಡವರಿಸುತ್ತದೆ, ಆದರೆ ಸಾಮಾನ್ಯವಾಗಿ ಕರೆ ಕಟ್ ಆಗುವುದಿಲ್ಲ.

ಎರಡೂ ಪೋರ್ಟನ್ನು ಒಟ್ಟಿಗೆ ದುಡಿಸುವ ಎಲ್‌ಎಸಿಪಿ ಅನ್ನುವ ವಿಧಾನ ಹಾಕಿದರೆ ವೇಗ ದುಪ್ಪಟ್ಟು ಅಂತ ಹೇಳುವವರಿದ್ದಾರೆ. ಒಂದು ವಿಡಿಯೋ ಹರಿವು ಒಂದೇ ಕೇಬಲಿನಲ್ಲಿ ಹೋಗುತ್ತದೆ, ಹಾಗಾಗಿ ಒಂದು ಕರೆಗೆ ಏನೂ ಲಾಭವಿಲ್ಲ. ಸಣ್ಣ ಆಫೀಸಿಗೆ ಆಕ್ಟಿವ್-ಬ್ಯಾಕಪ್ ಸಾಕು.

ನಿಜವಾದ ತೊಂದರೆ ಬರುವುದು ಕರೆಂಟ್ ಹೋಗಿ ಬಂದಾಗ. ಮೊದಲನೇ ಪೋರ್ಟಿನ ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಆನ್ ಆಗಿ ಪೋರ್ಟಿನ ಹಸಿರು ದೀಪ ಹತ್ತುತ್ತದೆ, ಆದರೆ ಅದರಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ಸಂದೇಶಗಳು ಸ್ವಿಚ್‌ಗಳ ನಡುವೆ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಇನ್ನೂ 30 ಸೆಕೆಂಡ್ ಅದು ಏನನ್ನೂ ದಾಟಿಸುವುದಿಲ್ಲ. ಮೊದಲನೇ ಪೋರ್ಟಿಗೇ ಆದ್ಯತೆ ಕೊಟ್ಟಿದ್ದರೆ ಸರ್ವರ್ ದೀಪ ನೋಡಿದ ಕೂಡಲೇ ಅಲ್ಲಿಗೆ ಹಾರುತ್ತದೆ, ಚೆನ್ನಾಗಿ ನಡೆಯುತ್ತಿದ್ದ ಮೀಟಿಂಗ್ ಆಗ ನಿಲ್ಲುತ್ತದೆ! ಇದಕ್ಕೇ ಅಪ್‌ಡಿಲೇ ಅಂತ, ಲಿಂಕ್ ಬಂದ ಮೇಲೂ ಸ್ವಲ್ಪ ಹೊತ್ತು ಕಾಯಿಸುವ ಒಂದು ಸೆಟ್ಟಿಂಗ್ ಇದೆ. ಅದನ್ನು 30 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಇಡಿ.

ಇಷ್ಟೆಲ್ಲ ಮಾಡಿಯೂ ಎರಡೂ ಕೇಬಲನ್ನು ಒಂದೇ ಸ್ವಿಚ್‌ಗೆ ಚುಚ್ಚಿದರೆ ಆ ಸ್ವಿಚ್ ಕೆಟ್ಟ ದಿನ ಎರಡೂ ಒಟ್ಟಿಗೆ ಸಾಯುತ್ತವೆ. ಎರಡು ಸ್ವಿಚ್ ಬೇಕು, ಎರಡಕ್ಕೂ ಬೇರೆ ಬೇರೆ ಯುಪಿಎಸ್ ಬೇಕು. ದೀಪ ಉರಿಯುತ್ತಿದ್ದರೂ ಸ್ವಿಚ್‌ನಿಂದಾಚೆ ದಾರಿ ಕಡಿದಿರಬಹುದು, ಅದನ್ನು ಹಿಡಿಯಲು ಲಿಂಕ್ ನೋಡುವುದರ ಬದಲಿಗೆ ಗೇಟ್‌ವೇಗೆ (ಆಫೀಸಿನಿಂದ ಹೊರಗೆ ಹೋಗುವ ಬಾಗಿಲಿನಂಥ ಯಂತ್ರ) ಆಗಾಗ ಎಆರ್‌ಪಿ ಕಳಿಸಿ ನೋಡುವ ಆಯ್ಕೆಯಿದೆ, ಆದರೆ ಲಿನಕ್ಸ್‌ನಲ್ಲಿ ಎರಡನ್ನೂ ಒಟ್ಟಿಗೆ ಬಳಸಲಾಗದು, ಅಪ್‌ಡಿಲೇ ಕೂಡ ಲಿಂಕ್ ನೋಡುವ ವಿಧಾನಕ್ಕೆ ಮಾತ್ರ, ಹಾಗಾಗಿ ಒಂದನ್ನು ಆರಿಸಿ. ಆಮೇಲೆ ಕರೆ ನಡೆಯುವಾಗಲೇ ಒಂದು ಸ್ವಿಚ್ ಆಫ್ ಮಾಡಿ ನೋಡಿ, ಮತ್ತೆ ಆನ್ ಮಾಡಿ ನೋಡಿ.

ಕೊಡಗಿನಲ್ಲಿ ಕಟ್ಟಡದ ಹೊರಗೂ ಹೀಗೇ ನೋಡಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರು ಕಡೆಗೆ ಹೋಗುವ ಸಂಪಾಜೆ ರಸ್ತೆಯೇ ಕಡಿದಿತ್ತು. ಎರಡು ಕಂಪನಿಯ ಫೈಬರ್ ತೆಗೆದುಕೊಂಡರೂ ಎರಡೂ ಅದೇ ರಸ್ತೆ ಪಕ್ಕ ಬರುತ್ತಿದ್ದರೆ ಏನು ಪ್ರಯೋಜನ? ಒಂದಾದರೂ ಮೈಸೂರು ದಿಕ್ಕಿನ ಕುಶಾಲನಗರದ ಕಡೆಯಿಂದ ಬರುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.